ಜಾಲತಾಣದ ಬ್ಯಾನರ್ ನಿರ್ವಹಣಾ ತಂತ್ರಾಂಶ: ಠರಾವಿಗೆ ಮುನ್ನ ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಗ್ರಾಮಸಭೆಯ ದಿನಾಂಕ, ಕರ ಪಾವತಿಯ ಗಡುವು, ಲಸಿಕಾ ಶಿಬಿರ, ಸಂತೆ ಸುಂಕದ ಹರಾಜು ಮುಂತಾದವುಗಳನ್ನು ಕಚೇರಿಯ ಸೂಚನಾ ಫಲಕದಲ್ಲಿ ಪ್ರಕಟಿಸುವುದು ವಾಡಿಕೆ. ಸ್ವಂತ ಜಾಲತಾಣವುಳ್ಳ ಪಂಚಾಯಿತಿಗಳು ಹಾಗೂ ಸಂಜೀವಿನಿ ಒಕ್ಕೂಟಗಳು ಇವನ್ನೇ ಪುಟದ ಮೇಲ್ಭಾಗದಲ್ಲಿ ಚಿತ್ರರೂಪದ ಬ್ಯಾನರುಗಳಾಗಿಯೂ ತೋರಿಸಬಹುದು. ಆದರೆ ಪ್ರತಿ ಪುಟವನ್ನೂ ಕೈಯಿಂದಲೇ ತಿದ್ದುವ ಪದ್ಧತಿಯಿದ್ದಲ್ಲಿ, ಮುಗಿದುಹೋದ ಗ್ರಾಮಸಭೆಗೆ ತಿಂಗಳುಗಟ್ಟಲೆ ಆಹ್ವಾನ ನೀಡುತ್ತಲೇ ಇರುವ ಬ್ಯಾನರು ಉಳಿದುಬಿಡುತ್ತದೆ. ಬ್ಯಾನರ್ ನಿರ್ವಹಣಾ ತಂತ್ರಾಂಶದ ಅಗತ್ಯ ಬೀಳುವುದು ಇಲ್ಲಿಯೇ.

ಇಂತಹ ತಂತ್ರಾಂಶಗಳಲ್ಲಿ ರಿವೈವ್ ಆಡ್‌ಸರ್ವರ್ ಎಂಬುದು ಹೆಸರುವಾಸಿಯಾದ ಮುಕ್ತ ತಂತ್ರಾಂಶ. ಇದಕ್ಕೆ ಪರವಾನಗಿ ಶುಲ್ಕವಿಲ್ಲ. ಹಾಗೆಂದು ವೆಚ್ಚವೇ ಇಲ್ಲವೆಂದು ಭಾವಿಸಲಾಗದು. ಸರ್ವರ್ ಬಾಡಿಗೆ, ಅಳವಡಿಸುವವರ ಸಂಭಾವನೆ ಮತ್ತು ನಂತರದ ನಿರ್ವಹಣೆಗೆ ಹಣ ಬೇಕು. ಈ ಸೇವೆಗಳನ್ನು ಪಡೆಯುವಾಗ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ನ್ನು ಗಮನದಲ್ಲಿರಿಸಿಕೊಳ್ಳಬೇಕು.

ತಂತ್ರಾಂಶದ ರಚನೆಯನ್ನು ಸಂತೆಯ ಮೈದಾನಕ್ಕೆ ಹೋಲಿಸಬಹುದು. ಪುಟದಲ್ಲಿ ಬ್ಯಾನರಿಗೆಂದು ಗುರುತಿಸಿದ ಜಾಗವನ್ನು ‘ಜೋನ್’ ಎನ್ನುತ್ತಾರೆ. ಇದು ನೆಲದ ಮೇಲೆ ಗೆರೆ ಎಳೆದು ಗುರುತಿಸಿದ ಅಂಗಡಿಯ ಸ್ಥಳವಿದ್ದಂತೆ. ಪ್ರಕಟಣೆ ನೀಡುವವರನ್ನು ‘ಅಡ್ವರ್ಟೈಸರ್’ ಎಂದು ನೋಂದಾಯಿಸಿ, ಅವರ ಹೆಸರಿನಡಿ ಆರಂಭ ಮತ್ತು ಮುಕ್ತಾಯದ ದಿನಾಂಕವುಳ್ಳ ‘ಕ್ಯಾಂಪೇನ್’ ರಚಿಸಿ, ಅದರಲ್ಲಿ ಬ್ಯಾನರಿನ ಚಿತ್ರವನ್ನು ಇರಿಸಲಾಗುತ್ತದೆ. ಆಮೇಲೆ ಬ್ಯಾನರನ್ನು ಜೋನಿಗೆ ಜೋಡಿಸಬೇಕು. ಜೋನಿಗಾಗಿ ತಂತ್ರಾಂಶವು ನೀಡುವ ಸಂಕೇತದ ತುಣುಕನ್ನು ಪುಟದಲ್ಲಿ ಒಮ್ಮೆ ಅಂಟಿಸಿದರೆ ಸಾಕು, ಮುಂದೆ ಪುಟವನ್ನು ಮುಟ್ಟುವ ಪ್ರಮೇಯವಿರುವುದಿಲ್ಲ. ಎಲ್ಲವೂ ಸರಿಯಾಗಿದ್ದೂ ಜಾಗ ಖಾಲಿ ಕಾಣಿಸಿದರೆ ಜೋಡಣೆ ಮರೆತಿರುವುದೋ, 468×60 ಅಳತೆಯ ಜೋನಿಗೆ 300×250 ಅಳತೆಯ ಚಿತ್ರವನ್ನು ಸಿದ್ಧಪಡಿಸಿರುವುದೋ ಕಾರಣವಾಗಿರಬಹುದು. ಪ್ರತಿ ಗಂಟೆಗೊಮ್ಮೆ ನಡೆಯಬೇಕಾದ ಒಳನಿರ್ವಹಣಾ ಕಾರ್ಯವು ಸ್ಥಗಿತಗೊಂಡರೆ ಅಂಕಿ ಅಂಶಗಳು ಸಿದ್ಧವಾಗುವುದಿಲ್ಲ ಮತ್ತು ಅವಧಿ ಮುಗಿದ ಬ್ಯಾನರು ತಾನಾಗಿ ಇಳಿಯುವುದಿಲ್ಲ.

ಅಂಕಿ ಅಂಶಗಳ ಬಗ್ಗೆ ಒಂದು ಮಾತು. ಬ್ಯಾನರು 1,000 ಬಾರಿ ಪ್ರದರ್ಶನಗೊಂಡಿದೆ ಎಂದರೆ 1,000 ಜನರು ನೋಡಿದ್ದಾರೆಂದು ಅರ್ಥವಲ್ಲ. ಒಬ್ಬರೇ ಹತ್ತು ಬಾರಿ ಪುಟ ತೆರೆದರೂ ಹತ್ತು ಎಂದೇ ದಾಖಲಾಗಬಹುದು. ‘ಇಷ್ಟು ಜನರಿಗೆ ಮಾಹಿತಿ ತಲುಪಿದೆ’ ಎಂದು ವರದಿಯಲ್ಲಿ ಬರೆಯುವಾಗ ಈ ಎಚ್ಚರವಿರಲಿ.

ಅಳವಡಿಕೆಯು ಅರ್ಧ ದಿನದ ಕೆಲಸ. ಸದಸ್ಯರು ಹೆಚ್ಚಿನ ಗಮನ ಹರಿಸಬೇಕಾದದ್ದು ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದರ ಕಡೆಗೆ. ಈ ತಂತ್ರಾಂಶದ ಹಿಂದಿನ ಹೆಸರು ಓಪನ್‌ಎಕ್ಸ್. ಅದರ 2.8.10 ಆವೃತ್ತಿಯ ಅಧಿಕೃತ ಕಡತದಲ್ಲಿಯೇ ದುಷ್ಕರ್ಮಿಗಳು ಗುಪ್ತ ಹಿಂಬಾಗಿಲೊಂದನ್ನು ಸೇರಿಸಿದ್ದುದು 2013ರ ಆಗಸ್ಟ್ ತಿಂಗಳಲ್ಲಿ ಬೆಳಕಿಗೆ ಬಂದಿತು. ಹಿಂಬಾಗಿಲು ತಿಂಗಳುಗಳಿಂದ ಅಲ್ಲಿತ್ತು. ಕಡತವನ್ನು ಇಳಿಸಿಕೊಂಡವರು ಯಾವ ತಪ್ಪನ್ನೂ ಎಸಗಿರಲಿಲ್ಲ. ಆದರೂ ಅವರ ಸರ್ವರು ಪರರ ಕೈವಶವಾಗುವ ಸ್ಥಿತಿಯಲ್ಲಿತ್ತು. ಅದೇ ವರ್ಷ ತಂತ್ರಾಂಶವು ಹೊಸಬರ ಹೊಣೆಗೆ ಬಂದು ರಿವೈವ್ ಎಂಬ ಹೆಸರು ಪಡೆಯಿತು. ಬ್ಯಾನರ್ ಸರ್ವರಿಗೆ ಕನ್ನ ಬಿದ್ದರೆ ಕೆಡುವುದು ಒಂದು ಪುಟವಲ್ಲ; ಅದರಿಂದ ಬ್ಯಾನರು ಪಡೆಯುವ ಪ್ರತಿ ಪುಟವೂ ಕೆಡುತ್ತದೆ. ಕರ ಪಾವತಿಗೆಂದು ಪಂಚಾಯಿತಿಯ ಜಾಲತಾಣವನ್ನು ನಂಬಿ ತೆರೆದ ಗ್ರಾಮಸ್ಥರನ್ನು ನಕಲಿ ಪಾವತಿ ಪುಟಕ್ಕೆ ಕರೆದೊಯ್ಯಲು ಸಾಧ್ಯವಾಗುತ್ತದೆ. ಕಳೆದ ಹಣವನ್ನು ಅವರು ಕೇಳಲು ಬರುವುದು ಪಂಚಾಯಿತಿ ಕಚೇರಿಗೇ.

ಆದುದರಿಂದ ಠರಾವಿನಲ್ಲಿ ವೆಚ್ಚದ ಮೊತ್ತವಷ್ಟೇ ಇದ್ದರೆ ಸಾಲದು. ಹೊಸ ಆವೃತ್ತಿ ಬಂದಾಗ ಯಾರು, ಎಷ್ಟು ದಿನದೊಳಗೆ ಅಳವಡಿಸಬೇಕು, ದತ್ತಾಂಶದ ಪ್ರತಿಯನ್ನು ಎಲ್ಲಿ ಇರಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಡೊಮೈನ್ ಮತ್ತು ಸರ್ವರು ಪಂಚಾಯಿತಿಯ ಹೆಸರಿನಲ್ಲಿರಬೇಕು. ಆಡಳಿತ ಖಾತೆಯನ್ನು ಪಂಚಾಯಿತಿಯ ಅಧಿಕೃತ ಇಮೇಲ್‌ಗೆ ಜೋಡಿಸಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಸುಪರ್ದಿನಲ್ಲಿ ಇರಿಸುವುದು ಸೂಕ್ತ. ಗುತ್ತಿಗೆದಾರರ ಖಾಸಗಿ ಇಮೇಲ್‌ಗೆ ಜೋಡಿಸಿದಲ್ಲಿ, ಅವರು ಕೆಲಸ ಬಿಟ್ಟ ದಿನವೇ ಪಂಚಾಯಿತಿಯು ತನ್ನ ಜಾಲತಾಣದ ಹೊರಗೆ ನಿಲ್ಲಬೇಕಾದೀತು. ದತ್ತಾಂಶ ನಮೂದು ಸಿಬ್ಬಂದಿಗೆ ಸೀಮಿತ ಅಧಿಕಾರವುಳ್ಳ ಪ್ರತ್ಯೇಕ ಖಾತೆ ನೀಡಲು ತಂತ್ರಾಂಶದಲ್ಲಿ ಅವಕಾಶವಿದೆ.

ಹಣ ಪಡೆದು ಖಾಸಗಿ ಅಂಗಡಿಗಳ ಜಾಹೀರಾತು ಹಾಕಬಾರದೇಕೆ ಎಂಬ ಪ್ರಶ್ನೆ ಸಭೆಯಲ್ಲಿ ಬರಬಹುದು. ಪಂಚಾಯಿತಿಯ ಹೆಸರಿನ ಪಕ್ಕದಲ್ಲಿ ಗೊಬ್ಬರದಂಗಡಿಯೊಂದರ ಬ್ಯಾನರು ಕಂಡರೆ, ಪಂಚಾಯಿತಿಯೇ ಅದನ್ನು ಶಿಫಾರಸು ಮಾಡಿದೆಯೆಂದು ರೈತರು ತಿಳಿಯುವುದು ಸಹಜ. ಪಂಚಾಯಿತಿಯ ಜಾಲತಾಣವನ್ನು ಸಾರ್ವಜನಿಕ ಪ್ರಕಟಣೆಗಳಿಗೆ ಮೀಸಲಿಟ್ಟು, ಉಪ್ಪಿನಕಾಯಿ, ರೊಟ್ಟಿ, ಕೌದಿ ಮೊದಲಾದವುಗಳ ಮಾರಾಟದ ಬ್ಯಾನರುಗಳನ್ನು ಒಕ್ಕೂಟದ ಜಾಲತಾಣಕ್ಕೆ ಬಿಡುವುದು ಲೇಸು.

ಚುನಾವಣಾ ಮಾದರಿ ನೀತಿ ಸಂಹಿತೆ ಜಾರಿಗೆ ಬಂದಾಗ ರಾಜಕೀಯ ವ್ಯಕ್ತಿಗಳ ಭಾವಚಿತ್ರವುಳ್ಳ ಬ್ಯಾನರುಗಳನ್ನು ಕೂಡಲೇ ತೆಗೆಯಬೇಕಾಗುತ್ತದೆ. ಅಂತಹ ಬ್ಯಾನರುಗಳೆಲ್ಲವನ್ನೂ ಮೊದಲಿನಿಂದಲೇ ಒಂದು ಪ್ರತ್ಯೇಕ ಕ್ಯಾಂಪೇನಿನಲ್ಲಿ ಇರಿಸಿದ್ದರೆ, ಆ ಒಂದು ಕ್ಯಾಂಪೇನನ್ನು ನಿಲ್ಲಿಸಿದ ಮಾತ್ರಕ್ಕೆ ಎಲ್ಲ ಪುಟಗಳಿಂದಲೂ ಅವು ಮರೆಯಾಗುತ್ತವೆ.