ದೆವ್ವದ ಕತೆಯೂ ಪತ್ತೇದಾರಿ ಕಾದಂಬರಿಯೂ

ಭಯವು ಯಾರಿಗೂ ಬೇಡವಾದ ಭಾವ. ಆದರೂ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಎಣಿಸುವಾಗ ಭಯಾನಕಕ್ಕೂ ಒಂದು ಮಣೆ ಹಾಕಿದನು. ಬಾಳಿನಲ್ಲಿ ಬೇಡವಾದದ್ದು ಕತೆಯಲ್ಲಿ ಬೇಕಾಗುವದೇಕೆ ಎಂಬ ಪ್ರಶ್ನೆಗೆ ಆಲಂಕಾರಿಕರು ಬಹಳ ಸೂಕ್ಷ್ಮವಾದ ಉತ್ತರಗಳನ್ನು ಕೊಟ್ಟಿದ್ದಾರೆ. ಅವುಗಳ ಆಳಕ್ಕೆ ಇಳಿಯುವ ಬದಲು, ಪಂಡಿತರು ಸಾಮಾನ್ಯವಾಗಿ ಮುಟ್ಟದ ಎರಡು ಜಾತಿಯ ಕತೆಗಳನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇನೆ. ಒಂದು, ಮಕ್ಕಳು ಕೇಳುವ ದೆವ್ವದ ಕತೆ. ಇನ್ನೊಂದು, ದೊಡ್ಡವರು ದಿಂಬಿನ ಕೆಳಗಿಟ್ಟು ಓದುವ ಪತ್ತೇದಾರಿ ಕಾದಂಬರಿ. ಇವೆರಡೂ ಒಂದೇ ಬೇರಿನ ಗಿಡಗಳೆಂದು ನನಗೆ ತೋರುತ್ತದೆ.

ಮೊದಲು ದೆವ್ವವನ್ನು ನೋಡೋಣ. ನಮ್ಮ ಗದಗ, ಮುಂಡರಗಿ, ಶಿರಹಟ್ಟಿಗಳ ಕಡೆಯ ಮಗುವಿಗೆ ಕೊಳ್ಳಿದೆವ್ವದ ಪರಿಚಯ ಮಾಡಿಸಬೇಕಾಗಿಲ್ಲ. ಅಮಾವಾಸ್ಯೆಯ ರಾತ್ರಿ, ದೂರದ ಎರಿಹೊಲದಲ್ಲಿ ಒಂದು ಬೆಳಕು ಹೊತ್ತುತ್ತದೆ, ಆರುತ್ತದೆ, ಮತ್ತೊಂದು ಕಡೆ ಹೊತ್ತುತ್ತದೆ. ಅದು ಯಾರದೋ ಪಂಜು ಇದ್ದೀತು. ಕತೆಗೆ ಅದರ ಪರಿವೆಯಿಲ್ಲ. ಆದರೆ ಈ ಕತೆಯನ್ನು ಮಗುವು ಎಲ್ಲಿ ಕೇಳುತ್ತದೆಂಬದು ಮುಖ್ಯ. ಅಜ್ಜಿಯ ಮಗ್ಗುಲಲ್ಲಿ, ಕೌದಿಯೊಳಗೆ, ನಾಲ್ಕು ಗೋಡೆಗಳ ನಡುವೆ ಕೇಳುತ್ತದೆ. ದೆವ್ವ ಹೊರಗಿದೆ, ಹೇಳುವ ದನಿ ಒಳಗಿದೆ. ಆ ದನಿಯು ಪರಿಚಿತವಾದದ್ದರಿಂದಲೇ ಮಗುವು ನಡುಗುತ್ತಲೇ 'ಮುಂದೇನಾತು?' ಎಂದು ಕೇಳುವದು. ಅದೇ ಕತೆಯನ್ನು ಹೊಲದ ನಡುವೆ ಒಬ್ಬನೇ ನಿಂತಾಗ ಯಾರಾದರೂ ಹೇಳಲಿ, ರಸವು ಹಾರಿಹೋಗಿ ಬರಿ ಭಯ ಉಳಿಯುತ್ತದೆ.

1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಕರ್ನಾಟಕದ ಇತರ ಊರುಗಳಲ್ಲಿಯೂ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ಅನೇಕರಿಗೆ ನೆನಪಿರಬೇಕು. ರಾತ್ರಿ ಒಂದು ದೆವ್ವವು ಮನೆಯವರದೇ ದನಿಯಲ್ಲಿ ಕೂಗಿ ಬಾಗಿಲು ತಟ್ಟುತ್ತದೆ. ಬರಹವನ್ನು ಓದಿ ಹಿಂತಿರುಗುತ್ತದೆ. ಮರುದಿನ ಬಂದರೆ ಮತ್ತೆ ಅದೇ ಬರಹ. ಕನ್ನಡ ಓದಲು ಬಲ್ಲ, ಮೇಲಾಗಿ ಬರೆದ ಮಾತಿಗೆ ಬೆಲೆ ಕೊಡುವ ಈ ದೆವ್ವವನ್ನು ಮೆಚ್ಚಲೇಬೇಕು. ಹಾಸ್ಯ ಹಾಗಿರಲಿ. ಇಲ್ಲಿ ಭಯವನ್ನು ಹುಟ್ಟಿಸಿದ ಕತೆಯೇ ಅದನ್ನು ತಡೆಯುವ ಉಪಾಯವನ್ನೂ ಕೊಟ್ಟಿತು. ಎರಡು ಶಬ್ದ, ಒಂದು ಸುಣ್ಣದ ತುಂಡು.

ಇಂಥ ಕತೆಗಳನ್ನು ಅಳಿಸಿಹಾಕುವ ಪ್ರಯತ್ನಗಳೂ ನಡೆದಿವೆ. ಸೋವಿಯೆತ್ ರಶಿಯದಲ್ಲಿ 1920ರ ದಶಕದಲ್ಲಿ ಕಿನ್ನರ ಕತೆಗಳು ಮಕ್ಕಳ ಬುದ್ಧಿಗೆ ಕೇಡೆಂಬ ವಾದ ಬಲವಾಗಿತ್ತು. ಲೆನಿನ್ನರ ಪತ್ನಿ ಕ್ರುಪ್ಸ್ಕಾಯಾ ಅವರು 1928ರಲ್ಲಿ 'ಪ್ರಾವ್ದಾ' ಪತ್ರಿಕೆಯಲ್ಲಿ ಚುಕೋವ್‌ಸ್ಕಿಯ 'ಮೊಸಳೆ' ಎಂಬ ಮಕ್ಕಳ ಕವನವನ್ನೇ ಖಂಡಿಸಿದರು. ಮೊಸಳೆಗೇ ಈ ಗತಿಯಾದರೆ ದೆವ್ವಕ್ಕೆಲ್ಲಿಯ ಮುದ್ರಣಭಾಗ್ಯ? ಆದರೆ ಪಯೊನೀರ್ ಶಿಬಿರಗಳಲ್ಲಿ ದೀಪ ಆರಿದ ಮೇಲೆ ಮಕ್ಕಳು ಕರಿಯ ಕೈಯ ಕತೆ, ಕರಿಯ ಪರದೆಯ ಕತೆಗಳನ್ನು ಒಬ್ಬರಿಗೊಬ್ಬರು ಪಿಸುಗುಟ್ಟುತ್ತಲೇ ಬಂದರು. ಕೊನೆಗೆ 1990ರಲ್ಲಿ ಉಸ್ಪೆನ್‌ಸ್ಕಿ ಎಂಬ ಲೇಖಕನು ಅವನ್ನು ಹೆಣೆದು ಒಂದು ಕತೆಯಾಗಿ ಪ್ರಕಟಿಸಿದನು. ಅದರಲ್ಲಿ ಈ ಭೂತಗಳ ಬೆನ್ನು ಹತ್ತುವವನು ಪೋಲೀಸು ಇಲಾಖೆಯ ಒಬ್ಬ ತರಬೇತಿ ತನಿಖೆಗಾರನೆಂಬದು ನಮ್ಮ ವಿಷಯಕ್ಕೆ ಬಹಳ ಸಲ್ಲುತ್ತದೆ.

ಹಾಗಾದರೆ ದೆವ್ವಕ್ಕೂ ಪತ್ತೇದಾರನಿಗೂ ಇರುವ ನಂಟೇನು? ನಮ್ಮ ಕತೆಗಳಲ್ಲಿ ದೆವ್ವವಾಗುವವರು ಯಾರು? ಬಾವಿಗೆ ಬಿದ್ದ ಸೊಸೆ, ಮೋಸದಿಂದ ಸತ್ತ ಪ್ರವಾಸಿ, ಆಸೆ ತೀರದ ಬಾಣಂತಿ. ಅಂದರೆ ದೆವ್ವವು ಇತ್ಯರ್ಥವಾಗದ ಒಂದು ಫಿರ್ಯಾದಿ. ಅದನ್ನು ಕೇಳುವ ಚಾವಡಿಯಿಲ್ಲದ್ದರಿಂದ ಅದು ಹುಣಸೆಮರದಲ್ಲಿ ಕೂತಿದೆ. ಪತ್ತೇದಾರಿ ಕತೆಯೂ ಒಂದು ಹೆಣದಿಂದಲೇ ಆರಂಭವಾಗುತ್ತದೆ. ಆದರೆ ಅಲ್ಲಿ ಫಿರ್ಯಾದಿಯನ್ನು ಕೈಗೆತ್ತಿಕೊಳ್ಳುವ ಒಬ್ಬನು ಇರುತ್ತಾನೆ.

ಇವೆರಡರ ನಡುವಿನ ಸೇತುವೆ ಬೇತಾಳನ ಕತೆ. 1949ರಲ್ಲಿ ಕನ್ನಡದಲ್ಲಿ ಆರಂಭವಾಗಿ, ಈಗ ನಿಂತುಹೋಗಿರುವ 'ಚಂದಮಾಮ'ದ ಮೂಲಕ ಅದು ಮನೆಮನೆಗೂ ಬಂದಿತು. ಅದರ ಹಿಂದೆ 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರವಿದೆ. ಶ್ಮಶಾನ, ನಡುರಾತ್ರಿ, ಹೆಗಲ ಮೇಲೆ ಹೆಣ. ಭಯದ ಸಾಮಗ್ರಿ ಪೂರ್ಣವಾಗಿದೆ. ಆದರೆ ಹೆಣದೊಳಗಿನ ಬೇತಾಳವು ಮಾಡುವದೇನು? ಒಂದು ವ್ಯಾಜ್ಯವನ್ನು ಮುಂದಿಟ್ಟು, ತಪ್ಪು ಯಾರದೆಂದು ಕೇಳುತ್ತದೆ! ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆಯುವದು. ಇಲ್ಲಿ ಭಯವು ಬುದ್ಧಿಯನ್ನು ಕೆಡಿಸುವದಿಲ್ಲ; ಎಬ್ಬಿಸುತ್ತದೆ.

ಕನ್ನಡದ ಪತ್ತೇದಾರಿ ಕತೆಯು ಇಂಗ್ಲಿಷಿನಿಂದ ಬಂದ ಕೂಸೆಂದು ಹೇಳುವವರು ವಡ್ಡಾರಾಧನೆಯ ವಿದ್ಯುಚ್ಚೋರನ ಕತೆಯನ್ನು ಓದಬೇಕು. ಈ ಗ್ರಂಥವನ್ನು ಸುಮಾರು 10ನೆಯ ಶತಮಾನದ್ದೆಂದು ಎಣಿಸುತ್ತಾರೆ. ಹಗಲು ಹಾಳುಗುಡಿಯಲ್ಲಿ ಕುಷ್ಠರೋಗಿಯಾಗಿ ಬಿದ್ದುಕೊಂಡು ರಾತ್ರಿ ಕನ್ನ ಹಾಕುವವನು ವಿದ್ಯುಚ್ಚೋರ. ಅವನನ್ನು ಹಿಡಿಯಬೇಕಾದವನು ಯಮದಂಡನೆಂಬ ತಳಾರ. (ನಮ್ಮ ಹಳ್ಳಿಗಳ ತಳವಾರನೇ ಈ ತಳಾರ.) ಅರಸನ ಹಾರ ಕಳುವಾಗಿದೆ, ಏಳು ದಿನಗಳಲ್ಲಿ ಕಳ್ಳನನ್ನು ತರದಿದ್ದರೆ ತಳಾರನ ತಲೆಯೇ ಹೋಗುವದು. ಅವಧಿ ಮುಗಿಯುವಾಗ ಯಮದಂಡನು ಆ ರೋಗಿಯನ್ನು ಹಿಡಿದು ತರುತ್ತಾನೆ. ಸಾಕ್ಷಿಯಿಲ್ಲ. ರಾತ್ರಿಯಿಡೀ ನಾನಾ ಬಗೆಯಲ್ಲಿ ಹಿಂಸಿಸಿದರೂ ಆತನು ಕಳ್ಳತನ ಒಪ್ಪುವದಿಲ್ಲ. ನಿರಪರಾಧಿಯನ್ನು ಪೀಡಿಸಿದನೆಂದು ಅರಸನು ತಳಾರನನ್ನೇ ಶಿಕ್ಷಿಸಹೊರಟಾಗ, ಕಳ್ಳನು ತಾನಾಗಿಯೇ ನಿಜ ಹೇಳುತ್ತಾನೆ. ಅವರಿಬ್ಬರೂ ಬಾಲ್ಯದ ಗೆಳೆಯರೆಂಬದು ಆಗ ಹೊರಬೀಳುತ್ತದೆ. ಎಷ್ಟು ಚೊಕ್ಕವಾದ ಕಟ್ಟಡ! ಹಿಂಸೆಗೆ ಬಾರದ ಸತ್ಯವು ಗೆಳೆತನಕ್ಕೆ ಬಂದಿತು.

ಇನ್ನು ನಮ್ಮ ಕಾಲಕ್ಕೆ ಹತ್ತಿರದವರು. ಎನ್. ನರಸಿಂಹಯ್ಯನವರು (1925–2011) 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ದಿಂದ ಆರಂಭಿಸಿ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವರಿಗೆ ದೊರೆತ ಶಾಲಾಶಿಕ್ಷಣ ತೀರ ಅಲ್ಪ. ಅವರ ಸಮಕಾಲೀನರಾದ ಎಂ. ರಾಮಮೂರ್ತಿಯವರು ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರೆಂದು ಎಲ್ಲರಿಗೂ ಗೊತ್ತು. ಪತ್ತೇದಾರಿ ಕಾದಂಬರಿಕಾರರೆಂಬದನ್ನು ಮರೆತಿದ್ದೇವೆ. ಇವರ ಪುಸ್ತಕಗಳ ಭಾಷೆ ಸರಳ, ಪಾತ್ರಗಳು ತೆಳು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಕ್ಷರ ಕೂಡಿಸಿ ಓದುತ್ತಿದ್ದವನನ್ನು ಪುಟದಿಂದ ಪುಟಕ್ಕೆ ಎಳೆದುಕೊಂಡು ಹೋದ ಶಕ್ತಿ ಯಾವದು? ಅದು ಕೌದಿಯೊಳಗಿನ 'ಮುಂದೇನಾತು?' ಎಂಬುದೇ. ಅಜ್ಜಿಯ ದನಿಯ ಸ್ಥಾನದಲ್ಲಿ ಪುರುಷೋತ್ತಮನು ಬಂದು ಕುಳಿತಿದ್ದಾನೆ. ಎಂಥ ಕತ್ತಲೆಯಾದರೂ ಇವನಿದ್ದಾನೆಂಬ ಭರವಸೆ ವಾಚಕನಿಗೆ. ವಾಚನಾಲಯದ ಪ್ರತಿಯಲ್ಲಿ ಕೊನೆಯ ಹಾಳೆ ಹರಿದುಹೋಗಿದ್ದರೆ ಮಾತ್ರ ಆ ಪತ್ತೇದಾರಿಯು ಮತ್ತೆ ದೆವ್ವದ ಕತೆಯಾಗಿಬಿಡುತ್ತದೆ.

ರಶಿಯದಲ್ಲಿ ಈ ಭರವಸೆಯ ದನಿ ಸರಕಾರದ್ದಾಗಿತ್ತು. ಖಾಸಗಿ ಪತ್ತೇದಾರನಿಗೆ ಅಲ್ಲಿ ಎಡೆಯಿರಲಿಲ್ಲ. ಸೆಮ್ಯೋನೋವನ 'ಪೆತ್ರೋವ್ಕಾ 38' (1963) ಎಂಬ ಹೆಸರೇ ಮಾಸ್ಕೋ ಪೋಲೀಸು ಕಚೇರಿಯ ವಿಳಾಸ. ಆದರೂ ಒಳ್ಳೆಯ ಲೇಖಕರು ಆ ಚೌಕಟ್ಟಿನಲ್ಲಿಯೇ ತೊಡಕಿನ ಪ್ರಶ್ನೆ ಎತ್ತಿದರು. ವೈನರ್ ಸಹೋದರರ 'ದಯೆಯ ಯುಗ' (1975), 1979ರಲ್ಲಿ ದೂರದರ್ಶನ ಚಿತ್ರವೂ ಆಯಿತು. ಅದರಲ್ಲಿ ಝೆಗ್ಲೋವನೆಂಬ ಅಧಿಕಾರಿಯು ಜೇಬುಗಳ್ಳನೊಬ್ಬನನ್ನು ಹಿಡಿಯುತ್ತಾನೆ. ಕದ್ದ ಪಾಕೀಟನ್ನು ಕಳ್ಳನು ಆಗಲೇ ಎಸೆದಿದ್ದಾನೆ. ಝೆಗ್ಲೋವನು ಅದನ್ನು ಎತ್ತಿ ಅವನ ಜೇಬಿಗೇ ತುರುಕುತ್ತಾನೆ. ಕಳ್ಳನು ಕಳ್ಳನೇ ಹೌದು, ಸಂದೇಹವಿಲ್ಲ. ಆದರೂ ಯುದ್ಧದಿಂದ ಬಂದ ಅವನ ಜೊತೆಗಾರ ಶರಾಪೋವನು, ಕಾನೂನನ್ನು ಹೀಗೆ ಬಗ್ಗಿಸಿದರೆ ಅದು ಕಾನೂನಾಗಿ ಉಳಿಯದೆಂದು ಜಗಳಕ್ಕೆ ನಿಲ್ಲುತ್ತಾನೆ. ಭಯದಿಂದ ಪಾರುಮಾಡಬೇಕಾದ ದನಿಯೇ ಸುಳ್ಳಾಡಿದರೆ ವಾಚಕನು ಯಾರ ಕೈ ಹಿಡಿಯಬೇಕು? ಚಿತ್ರ ನೋಡಿದವರಲ್ಲಿ ಬಹುಮಂದಿ ಝೆಗ್ಲೋವನನ್ನೇ ಮೆಚ್ಚಿದರೆಂಬದೂ ಯೋಚಿಸತಕ್ಕ ಸಂಗತಿ.

ಸಾಕ್ಷಿಯಿಲ್ಲದೆ ರೋಗಿಯೊಬ್ಬನನ್ನು ರಾತ್ರಿಯಿಡೀ ಹಿಂಸಿಸಿದ ಯಮದಂಡನ ಮುಂದೆಯೂ ಇದ್ದದ್ದು ಇದೇ ತೊಡಕು. ಅವನ ಊಹೆಯೂ ಸರಿಯೇ ಆಗಿತ್ತು. ವಡ್ಡಾರಾಧನೆಯನ್ನು ನಾವು ಹಳಗನ್ನಡ ಗದ್ಯದ ಮಾದರಿಯೆಂದು ಓದಿ, ವ್ಯಾಕರಣದ ಟಿಪ್ಪಣಿ ಬರೆದುಕೊಂಡು ಪರೀಕ್ಷೆಗೆ ಕೂರುತ್ತೇವೆ. ಅಧ್ಯಾಪಕರು ಮನಸ್ಸು ಮಾಡಿದರೆ, ವಿದ್ಯುಚ್ಚೋರನ ಕತೆಯ ಜೊತೆಗೆ ನರಸಿಂಹಯ್ಯನವರ ಒಂದು ಕಾದಂಬರಿಯನ್ನಿಟ್ಟು, ಯಮದಂಡನು ಮಾಡಿದ್ದು ಸರಿಯೇ ಎಂದು ತರಗತಿಯಲ್ಲಿ ಒಂದು ತಾಸು ಚರ್ಚೆ ನಡೆಸಬಹುದು. ಹಿಂದಿನ ಬೆಂಚಿನವರೂ ಅಂದು ಬಾಯಿ ತೆರೆದಾರು.