ದೇವರ ಮ್ಯಾಲ ಸಿಟ್ಟು ಬಂದ್ರ ಪಾಪ ಆಗ್ತದೇನ್ರೀ?

ಪ್ರಶ್ನೆ: ನಮ್ಮದು ಮೂಡಲಗಿ ತಾಲ್ಲೂಕಿನ ಹೊಳಿದಂಡಿ ಊರು. 2019ರ ಮಹಾಪೂರದಾಗ ಮನಿ ಬಿತ್ತು. ಹೊಸಾ ಮನಿ ಮುಗಿಯೂದರೊಳಗ ಯಜಮಾನರು ಬ್ಯಾನಿ ಬಿದ್ದು ತೀರಿಕೊಂಡರು. 2024ರ ಜುಲೈದಾಗ ಮತ್ತ ನೀರು ಒಳಗ ಬಂತು. ಅತ್ತಿ ‘ಯಾವ ಜನ್ಮದ ಕರ್ಮನೋ’ ಅಂತಾರ. ಹುಕ್ಕೇರಿಯ ನಮ್ಮಕ್ಕ ‘ದೇವರು ಏನೋ ವಿಚಾರ ಮಾಡೇ ಮಾಡಿರ್ತಾನ’ ಅಂತಾಳ. ಗೋಕಾಕದ ಗೆಳತಿ ಪ್ರಾರ್ಥನಾ ಕೂಟಕ್ಕ ಕರಕೊಂಡು ಹೋಗಿ ಬೈಬಲ್ಲಿನ ಯೋಬನ ಕತಿ ಹೇಳಿಸಿದಳು. ನನಗ ದೀಪ ಹಚ್ಚಾಕೂ ಮನಸ್ಸಿಲ್ಲ. ದೇವರ ಮ್ಯಾಲ ಬರೇ ಸಿಟ್ಟು. ಮಳಿ ಹತ್ತಿದರ ರಾತ್ರಿಯೆಲ್ಲ ಎಚ್ಚರ. ಮಗನ ಮುಂದ ಹ್ಯಾಂಗಿರಬೇಕು ತಿಳೀವಲ್ಲದು.

ಉತ್ತರ: ತಂಗಿ, ಪಾಪದ ಮಾತನ್ನು ಮೊದಲು ಮುಗಿಸಿಬಿಡೋಣ. ದೇವರನ್ನು ಬೈದವರಲ್ಲಿ ನೀವು ಮೊದಲಿಗರಲ್ಲ. ನಮ್ಮ ದಾಸರು ನಿಂದಾಸ್ತುತಿ ಅಂತ ಒಂದು ದಾರಿಯನ್ನೇ ಮಾಡಿಕೊಟ್ಟಿದ್ದಾರೆ. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಅಜ್ಜಿಯರು ಮಲ್ಲಯ್ಯನಿಗೆ ಹೇಳಿಕೊಂಡದ್ದರಲ್ಲಿ ಬರೀ ಹೊಗಳಿಕೆ ಇರಲಿಲ್ಲ. ಇಲ್ಲದವನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ನೀವಿನ್ನೂ ಅವನ ಜೊತೆ ಮಾತು ಬಿಟ್ಟಿಲ್ಲ ಅಂತಲೇ ನಾನು ಓದಿಕೊಂಡೆ.

ಇನ್ನು ಕರ್ಮದ ಮಾತು. ಸಹ್ಯಾದ್ರಿಯಲ್ಲಿ ಎಡೆಬಿಡದೆ ಮಳೆ ಸುರಿದರೆ ಹಿಡಕಲ್ ಜಲಾಶಯ ತುಂಬುತ್ತದೆ. 51 ಟಿಎಂಸಿ ಹಿಡಿಯುವ ಅಣೆಕಟ್ಟು ಅದಕ್ಕಿಂತ ಹೆಚ್ಚಿನದನ್ನು ಹೊಳೆಗೆ ಬಿಡಲೇಬೇಕು. ಮೇಲಿಂದ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಬಂದು ಘಟಪ್ರಭೆಗೇ ಸೇರುತ್ತದೆ. ಲೋಳಸೂರ ಸೇತುವೆ ಮುಳುಗುವುದು, ಗೋಕಾಕದ ಓಣಿಗಳಿಗೆ ನೀರು ನುಗ್ಗುವುದು, ನಿಮ್ಮ ಹೊಸ್ತಿಲು ದಾಟುವುದು ಎಲ್ಲ ಹೀಗೇ. ಇದರಲ್ಲಿ ನಿಮ್ಮ ಹಿಂದಿನ ಜನ್ಮದ ಲೆಕ್ಕ ಎಲ್ಲಿ ಬಂತು? ಗೇಟು ಯಾವಾಗ ತೆಗೆದರು, ಮುನ್ಸೂಚನೆ ಎಷ್ಟು ಹೊತ್ತಿಗೆ ಬಂತು, ಹೊಳೆಯ ಪಾತ್ರ ಯಾರು ಒತ್ತಿದರು ಎನ್ನುವ ಲೆಕ್ಕಗಳಿವೆ. ಅವನ್ನು ದೇವರ ತಲೆಗೆ ಕಟ್ಟಿದರೆ ಉತ್ತರ ಕೊಡಬೇಕಾದ ಮನುಷ್ಯರು ಆರಾಮಾಗಿ ಮಲಗುತ್ತಾರೆ.

ದೇವರ ಯೋಜನೆ ಅಂದರೆ ನನಗೆ ನಂಬಿಕೆ ಇಲ್ಲ ಅಂತಲ್ಲ. ಇದೆ. ಆದರೆ ಆ ಮಾತನ್ನು ನೊಂದವರೇ, ಬಹಳ ದಿನ ಕಳೆದ ಮೇಲೆ, ತಮ್ಮ ಬಗ್ಗೆ ಹೇಳಿಕೊಳ್ಳಬೇಕು. ಪಕ್ಕದಲ್ಲಿ ಕುಳಿತವರು ಹೇಳಿದರೆ ಅದು ಬಾಯಿ ಮುಚ್ಚಿಸುವ ಮಾತಾಗುತ್ತದೆ. ನಿಮ್ಮ ಗೆಳತಿ ಯೋಬನ ಕಥೆಯನ್ನು ಎಲ್ಲಿಗೆ ನಿಲ್ಲಿಸಿದಳೋ ಗೊತ್ತಿಲ್ಲ. ಆಸ್ತಿ, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡ ಅವನ ಬಳಿ ಗೆಳೆಯರು ಏಳು ದಿನ ಸುಮ್ಮನೆ ನೆಲದ ಮೇಲೆ ಕುಳಿತರು. ಆಮೇಲೆ ಬಾಯಿ ಬಿಟ್ಟು, ನಿನ್ನ ತಪ್ಪಿಗೇ ಇದು ಅಂತ ವಾದ ಹೂಡಿದರು. ಕೊನೆಗೆ ದೇವರು ಕೋಪಿಸಿಕೊಂಡದ್ದು ಆ ಗೆಳೆಯರ ಮೇಲೆ. ಜಗಳ ತೆಗೆದ ಯೋಬನೇ ಸರಿಯಾಗಿ ಮಾತಾಡಿದ್ದಾನೆ ಅಂದ.

ಹರಿಶ್ಚಂದ್ರನ ಕಥೆಯನ್ನೂ ಯಾರಾದರೂ ನಿಮಗೆ ಹೇಳಿಯೇ ಇರುತ್ತಾರೆ: ಎಲ್ಲ ಪರೀಕ್ಷೆ, ಕೊನೆಗೆ ಒಳ್ಳೆಯದಾಗುತ್ತದೆ ಅಂತ. ಅಲ್ಲಿ ಸತ್ತ ಮಗ ಲೋಹಿತಾಶ್ವ ಎದ್ದು ಕೂರುತ್ತಾನೆ. ನಿಮ್ಮ ಯಜಮಾನರು ಬರುವುದಿಲ್ಲ. ಯೋಬನಿಗೂ ಮತ್ತೆ ಮಕ್ಕಳಾದರು, ಸತ್ತವರು ಸತ್ತೇ ಇದ್ದರು. ಹೋದದ್ದು ತಿರುಗಿ ಸಿಗುತ್ತದೆ ಅನ್ನುವ ಭರವಸೆಯನ್ನು ನಾನು ನಿಮಗೆ ಕೊಡಲಾರೆ, ಕೊಡುವವರನ್ನು ನಂಬಲೂ ಹೇಳಲಾರೆ.

ಹಾಗಾದರೆ ಉಳಿದದ್ದೇನು? 2019ರಲ್ಲಿ ಎಲ್ಲೆಲ್ಲಿಂದಲೋ ಗಾಡಿಗಳಲ್ಲಿ ರೊಟ್ಟಿ, ಚಟ್ನಿಪುಡಿ, ಹಚ್ಚಡ ಬಂದವು. ಬಡಿದವರು ಯಾರೋ, ತಿಂದವರು ಯಾರೋ. ಮಹಾಪೂರವನ್ನು ದೇವರು ಕಳಿಸಿದ ಅನ್ನಲು ನನ್ನ ನಾಲಿಗೆ ಏಳುವುದಿಲ್ಲ, ಆ ರೊಟ್ಟಿಯನ್ನು ಕಳಿಸಿದ ಅನ್ನಲು ಏಳುತ್ತದೆ. ತರ್ಕಕ್ಕೆ ಇದು ನಿಲ್ಲುವುದಿಲ್ಲ ಅಂತ ಪಂಡಿತರು ಹೇಳಬಹುದು. ಹೇಳಲಿ. ದೀಪ ಹಚ್ಚುವ ಮನಸ್ಸಿಲ್ಲದಿದ್ದರೆ ಸದ್ಯ ಬಿಡಿ. ಮನಸ್ಸಾದ ದಿನ ಹಚ್ಚಿ, ಬೈಯುತ್ತಲೇ ಹಚ್ಚಿದರೂ ನಡೆದೀತು.

ಅತ್ತೆಯ ಮೇಲೆ ಬೇಸರ ಬೇಡ. ಅವರು ಕಳೆದುಕೊಂಡದ್ದು ಹೆತ್ತ ಮಗನನ್ನು. ಕರ್ಮ ಅನ್ನುವಾಗ ಅವರು ನಿಮ್ಮನ್ನು ದೂರುತ್ತಿದ್ದಾರೋ, ತಮ್ಮನ್ನೇ ದೂರಿಕೊಳ್ಳುತ್ತಿದ್ದಾರೋ ಒಮ್ಮೆ ಕೇಳಿ ನೋಡಿ. ಮಗನ ಮುಂದೆ ಅಳಬಾರದು ಅನ್ನುವ ಹಟವೂ ಬೇಡ. ‘ಅಪ್ಪನ ನೆನಪಾತು’ ಅಂತ ಹೇಳಿಯೇ ಅಳಿ. ಕಾರಣ ಗೊತ್ತಿಲ್ಲದ ಅಳು ಮಕ್ಕಳನ್ನು ಹೆಚ್ಚು ಹೆದರಿಸುತ್ತದೆ.

ನಿದ್ದೆಯ ವಿಷಯ ಮಾತ್ರ ದೇವರಿಗೆ ಬಿಡಬೇಡಿ. ದೊಡ್ಡ ಅನಾಹುತ ಕಂಡ ಮೈಮನಸ್ಸು ಮಳೆಯ ಸದ್ದಿಗೇ ಎಚ್ಚರವಾಗುವುದು ರೋಗಲಕ್ಷಣ, ಅದಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಅದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ. ಬದುಕುವುದೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ತಡಮಾಡದೆ ಅಕ್ಕನನ್ನು ಕರೆಸಿಕೊಂಡು ಆಸ್ಪತ್ರೆಗೆ ಹೋಗಿ.

ಇನ್ನೊಂದು. ಪೂರ್ತಿ ಬಿದ್ದ ಮನೆಗೆ 2019ರಲ್ಲಿ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ಅದು ಕಂತಿನಲ್ಲಿ ಬರುವ ಹಣ. ನಿಮ್ಮ ಕಂತುಗಳು ಎಲ್ಲ ಬಂದವೇ? ಯಜಮಾನರ ಹೆಸರಲ್ಲಿದ್ದ ಉತಾರ ನಿಮ್ಮ ಹೆಸರಿಗೆ ಆಗಿದೆಯೇ? ಪತ್ರದಲ್ಲಿ ಬರೆದಿಲ್ಲ. ಈ ಮಳೆಗಾಲ ಹಿಡಿಯುವುದಕ್ಕೆ ಮೊದಲು ಅಕ್ಕನನ್ನು ಜೊತೆಗೆ ಕರೆದುಕೊಂಡು ಮೂಡಲಗಿಯ ತಹಶೀಲ್ದಾರ್ ಕಚೇರಿಗೆ ಹೋಗಿ ಬನ್ನಿ, ಏನಂದರು ಅಂತ ನನಗೆ ಬರೆಯಿರಿ.