ಕಡಮತ್ತಿನ ಕಡಲಹೂಗಳಲ್ಲಿ ಕೋಡಂಗಿ ಮೀನಿನ ಸಂಸಾರ

ಪುಣೆಯ ಮಾರ್ಕೆಟ್ ಯಾರ್ಡಿನ ಈರುಳ್ಳಿ ಮೂಟೆಗಳ ನಡುವೆ ವರ್ಷವಿಡೀ ದುಡಿದು, ದೊರೆತ ಒಂದು ವಾರದ ವಿರಾಮದಲ್ಲಿ ಕೋಡಂಗಿ ಮೀನನ್ನು, ಅಂದರೆ ಎಲ್ಲರೂ ಕ್ಲೌನ್ ಫಿಶ್ ಎಂದು ಕರೆಯುವ ಆ ಚೆಲುವ ಪ್ರಾಣಿಯನ್ನು, ಗಾಜಿನ ತೊಟ್ಟಿಯಲ್ಲಲ್ಲದೆ ಸ್ವಗೃಹದಲ್ಲಿಯೇ ಕಾಣಬಯಸುವ ಕನ್ನಡಿಗರು ಲಕ್ಷದ್ವೀಪದ ಕಡಮತ್ ದ್ವೀಪಕ್ಕೆ ಹೋಗುವುದು ಲೇಸು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವು ರೂಪುಗೊಳ್ಳುವ ತನಕ ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾಗಳೊಡನೆ ಈ ದ್ವೀಪವೂ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಒಳಪಟ್ಟಿದ್ದಿತೆಂಬುದನ್ನು ನೆನೆದರೆ, ಅದು ತೀರ ಪರದೇಶವೆನಿಸದು.

ಪ್ರಯಾಣ

ಪ್ರವೇಶಾನುಮತಿಯಿಲ್ಲದೆ ದ್ವೀಪಕ್ಕೆ ಕಾಲಿಡುವಂತಿಲ್ಲವಾದ ಕಾರಣ ಮೊದಲು ಅದನ್ನು ಪಡೆದು, ಬಳಿಕವೇ ಟಿಕೆಟ್ಟಿನ ಯೋಚನೆ ಮಾಡತಕ್ಕದ್ದು. ಪುಣೆಯಿಂದ ರೈಲಿನಲ್ಲಿ ಎರ್ನಾಕುಲಮ್ಮಿಗೆ ಬಂದು, ಕೊಚ್ಚಿಯಿಂದ ಹಡಗಿನಲ್ಲಿ ಹೊರಡಬಹುದು. ಇಲ್ಲವೇ ಅಗತ್ತಿ ದ್ವೀಪದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿಂದ ಜಲಮಾರ್ಗ ಹಿಡಿಯಬಹುದು. ಮುಂಗಾರಿನ ತಿಂಗಳುಗಳಲ್ಲಿ ಕಡಲು ಕದಡಿರುವುದರಿಂದ ಅಕ್ಟೋಬರಿನಿಂದ ಏಪ್ರಿಲಿನವರೆಗಿನ ಕಾಲವೇ ಪ್ರಶಸ್ತ.

ದರ್ಶನ

ಹವಳದ ದಿಬ್ಬಗಳು ಸುತ್ತುವರಿದ ತಿಳಿನೀರಿನಲ್ಲಿ, ಮುಖಕ್ಕೆ ಗಾಜಿನ ಕವಚ ಧರಿಸಿ, ಸ್ಥಳೀಯ ಮಾರ್ಗದರ್ಶಕರ ಜೊತೆಯಲ್ಲಿ ಮೆಲ್ಲನೆ ತೇಲಿರಿ. ಕೋಡಂಗಿ ಮೀನು ಮನೆಮಾಡಿಕೊಂಡಿರುವ ಕಡಲಹೂ (ಸೀ ಅನಿಮೊನಿ) ವಾಸ್ತವವಾಗಿ ಹೂವಲ್ಲ, ಪ್ರಾಣಿ. ಎಸಳಿನಂತೆ ಓಲಾಡುವ ಅದರ ಬೆರಳುಗಳಲ್ಲಿ ವಿಷದ ಸೂಕ್ಷ್ಮ ಕುಟುಕುಕೋಶಗಳು ಹುದುಗಿರುತ್ತವೆ. ಇತರ ಸಣ್ಣ ಮೀನುಗಳನ್ನು ಕೊಲ್ಲುವ ಆ ವಿಷವು ಕೋಡಂಗಿ ಮೀನಿಗೆ, ಅದರ ಮೈಯ ಲೋಳೆಯ ಪ್ರಭಾವದಿಂದ, ತಟ್ಟದು. ಪ್ರತಿಯಾಗಿ ಮೀನು ಕಡಲಹೂವನ್ನು ಕಚ್ಚಿ ತಿನ್ನಬರುವ ಚಿಟ್ಟೆಮೀನುಗಳನ್ನು ಅಟ್ಟಿ, ತನ್ನ ಮಲಮೂತ್ರಗಳಿಂದ ಅದಕ್ಕೆ ಪೋಷಣೆಯನ್ನೂ ಒದಗಿಸುತ್ತದೆ.

ಕಡಲಹೂವಿನಲ್ಲಿರುವ ಕೋಡಂಗಿ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂಬುದನ್ನು ಮೊದಲು ಗುರುತಿಸಿರಿ: ಅದೇ ಯಜಮಾನಿ. ಎರಡನೆಯ ಗಾತ್ರದ್ದು ಅವಳ ಗಂಡ. ಉಳಿದವು ಗಾತ್ರದ ಕ್ರಮದಲ್ಲಿ ಸರದಿ ಕಾಯುತ್ತಿರುವ ಅಪ್ರಾಪ್ತ ವಯಸ್ಕ ಮೀನುಗಳು. ಯಜಮಾನಿ ಅಳಿದರೆ ಗಂಡನೇ ಹೆಣ್ಣಾಗಿ ಮಾರ್ಪಟ್ಟು ಅವಳ ಸ್ಥಾನಕ್ಕೇರುವನು. ಸರದಿಯ ಮುಂದಿನದು ಗಂಡನ ಪದವಿಗೆ ಬರುವುದು. ಕಡಲಹೂವಿನ ಬುಡದ ಬಂಡೆಯ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳ ಹಾಸು ಕಂಡೀತೇ ಎಂದು ಹುಡುಕಿನೋಡಿರಿ: ರೆಕ್ಕೆಯಿಂದ ನೀರು ಬೀಸಿ ಅವಕ್ಕೆ ಉಸಿರೊದಗಿಸುತ್ತ, ಒಂದು ವಾರದಷ್ಟು ಕಾಲ ಕಾವಲಿರುವವನು ಮುಖ್ಯವಾಗಿ ತಂದೆಯೇ.

ಮರ್ಯಾದೆ

ಹವಳದ ಮೇಲೆ ನಿಲ್ಲಬಾರದು, ಕಡಲಹೂವನ್ನು ಮುಟ್ಟಬಾರದು. ಹವಳದ ಚೂರನ್ನು ನೆನಪಿಗೆಂದು ಜೇಬಿಗಿಳಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 1998ರಲ್ಲಿ ಕಡಲು ಕಾದಾಗ ಇಲ್ಲಿನ ಹವಳಗಳು ಬಿಳಿಚಿ, ಬಹುಭಾಗ ಸತ್ತುಹೋದವು. ಬಿಸಿಯಿಂದ ಬಣ್ಣ ಕಳೆದುಕೊಳ್ಳುವ ಈ ಬಾಧೆ ಕಡಲಹೂವಿಗೂ ತಪ್ಪಿದ್ದಲ್ಲ. ಸನಿಹಕ್ಕೆ ಹೋದಾಗ, ಗೇಣುದ್ದವೂ ಇರದ ಆ ಯಜಮಾನಿ ನಿಮ್ಮ ಕವಚದ ಗಾಜಿಗೇ ಮೂತಿ ಬಡಿದಾಳು. ಹಾಗಾದಾಗ ಅವಳ ಅಂಗಳವನ್ನು ತುಳಿದಿರೆಂದು ತಿಳಿದು, ಎರಡು ಮಾರು ಹಿಂದೆ ಸರಿದು, ಅಲ್ಲಿಂದಲೇ ನೋಡುವುದು.